ಲೆಕ್ಕಕ್ಕೆ ಸೇರದ ಎರಡು ವಾರ

ಎಂಟೊಂಬತ್ತು ವರ್ಷ ಮನೆಯಲ್ಲಿದ್ದು ಮತ್ತೆ ನರ್ಸ್ ಕೆಲಸಕ್ಕೆ ಸೇರಿದೆ ಅಂದಾಗ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಸೂಜಿ ಮಾಡುವಾಗ ಕೈ ನಡುಗಲ್ವೇನ್ರೀ?" ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರು, ನಾದಿನಿ ಕೇಳಿದಳು, ಹರಿಹರದ ನಮ್ಮ ಓಣಿಯ ಕಿರಾಣಿ ಅಂಗಡಿಯವರು ತೊಗರಿಬೇಳೆ ತೂಗುತ್ತಲೇ ಕೇಳಿದರು.

ನಡುಗಲಿಲ್ಲ. ನನಗೂ ಅದೇ ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊನ್ನಾಳಿ ಕಡೆಯ ಅಜ್ಜಿಯೊಬ್ಬರ ತೋಳಿಗೆ ಪಟ್ಟಿ ಬಿಗಿದು ಬೆರಳಿನಿಂದ ನರ ಒತ್ತಿ ನೋಡಿದಾಗಲೇ ಕೈಗೆ ಎಲ್ಲ ನೆನಪಿದೆ ಅನ್ನುವುದು ಗೊತ್ತಾಯಿತು. ವಯಸ್ಸಾದವರ ನರ ಚರ್ಮದಡಿ ಅತ್ತಿತ್ತ ಜಾರುತ್ತದೆ. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆಳೆದು ಹಿಡಿಯಬೇಕು, ಸೂಜಿಯನ್ನು ಹೆಚ್ಚು ಎತ್ತದೆ ಮಲಗಿಸಿದಂತೆ ಒಳಗೆ ಬಿಡಬೇಕು. ಹಿಂದುಗಡೆಯ ಪುಟ್ಟ ಡಬ್ಬಿಯಲ್ಲಿ ರಕ್ತ ಚಿಮ್ಮಿ ಕಾಣಿಸಿದ ಕೂಡಲೇ ಇನ್ನೊಂದು ಚೂರು ಮುಂದೆ ಸರಿಸಿ, ಸೂಜಿಯನ್ನು ಅಲ್ಲೇ ನಿಲ್ಲಿಸಿ, ಪ್ಲಾಸ್ಟಿಕ್ ನಳಿಕೆಯನ್ನಷ್ಟೇ ಒಳಗೆ ತಳ್ಳಬೇಕು. ತಳ್ಳಿದೆ, ಹೋಯಿತು. ನೀಲಿ ಕ್ಯಾನುಲಾ, 22 ಗೇಜ್. ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ನಾನು ಓದುವಾಗಲೂ ಇದೇ ಬಣ್ಣ, ಈಗಲೂ ಇದೇ ಬಣ್ಣ. ಟ್ರೇಯಲ್ಲಿ ಅವನ್ನು ನೋಡಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಕೈತಪ್ಪಿ ಹೋಗಿದ್ದು ಬೇರೆಯೇ ಒಂದು. ಬೆಳಿಗ್ಗೆ ಎಂಟಕ್ಕೆ ನೈಟ್ ಸಿಸ್ಟರ್ ಓವರ್ ಕೊಡುತ್ತಾ, ಅಂದರೆ ಪಾಳಿ ವಹಿಸಿಕೊಡುತ್ತಾ, ಒಂದೊಂದೇ ಬೆಡ್ ದಾಟುತ್ತಾ ಹೋಗುತ್ತಾರೆ. ಒಂದನೇ ಬೆಡ್ ನ್ಯುಮೋನಿಯಾ, ಎರಡನೇದು ಶುಗರ್ ಏರಿ ಬಂದವರು, ಮೂರು ಡೆಂಗಿ, ನಾಲ್ಕು ಲಕ್ವ, ಹೀಗೆ. ಹಿಂದೆಲ್ಲ ಈ ಸುತ್ತು ಮುಗಿಯುವ ಹೊತ್ತಿಗೆ ತಲೆಯಲ್ಲಿ ಒಂದು ಸರದಿ ತಾನಾಗೇ ನಿಂತುಬಿಡುತ್ತಿತ್ತು. ಮೊದಲು ಆರನೇ ಬೆಡ್, ಆಮೇಲೆ ಎರಡು, ಒಂಬತ್ತನೇ ಬೆಡ್‌ನವರು ಎಷ್ಟು ಕೂಗಾಡಿದರೂ ಅರ್ಧ ಗಂಟೆ ಕಾಯಬಹುದು. ಈಗ ಎಲ್ಲ ಬೆಡ್‌ಗಳೂ ಒಂದೇ ಸಮ ಕರೆದಂತೆ ಕೇಳುತ್ತಿತ್ತು. ರೋಗಿಯ ಜೊತೆಗಿರುವ ಯಾವ ಅಟೆಂಡರ್ ಜೋರಾಗಿ ಕೂಗಿದರೋ ಕಾಲು ಆ ಕಡೆ ಓಡುತ್ತಿತ್ತು. ವಾರ್ಡಿನಲ್ಲಿ ಮೊದಲು ನೋಡಬೇಕಾದ್ದು ಕೂಗುವವರನ್ನಲ್ಲ, ಮೂಲೆಯಲ್ಲಿ ಸುಮ್ಮನೆ ಮಲಗಿಬಿಟ್ಟವರನ್ನು. ಅದು ನನಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದೂ ಕಣ್ಣು ಆ ಕಡೆ ಹೋಗುತ್ತಿರಲಿಲ್ಲ. ಇದನ್ನು ಯಾವ ಪುಸ್ತಕ ಓದಿ ಸರಿ ಮಾಡಿಕೊಳ್ಳಲಿ?

ನಾನು ನರ್ಸಿಂಗ್ ಡಿಪ್ಲೊಮಾ, ಜಿ.ಎನ್.ಎಂ., ಮುಗಿಸಿದ್ದು ದಾವಣಗೆರೆಯಲ್ಲೇ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ನಾವು ಹಾಸ್ಟೆಲ್ ಸೇರಿದಾಗ ಆ ಸಂಭ್ರಮ ಇನ್ನೂ ಪೂರ್ತಿ ಆರಿರಲಿಲ್ಲ. ಆದರೆ ಜಿಲ್ಲೆಯಾಗುವುದಕ್ಕೆ ಎಷ್ಟೋ ಮೊದಲೇ ಇದು ಆಸ್ಪತ್ರೆಗಳ ಊರು. ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ. ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಊರು ಆಸ್ಪತ್ರೆ ಮತ್ತು ಕಾಲೇಜುಗಳನ್ನು ಹಿಡಿದುಕೊಂಡು ಬೆಳೆಯಿತು. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ರಾಣೆಬೆನ್ನೂರು, ಎಲ್ಲ ದಿಕ್ಕಿನಿಂದಲೂ ಕಾಯಿಲೆಯವರು ಬರುತ್ತಾರೆ. ಹರಪನಹಳ್ಳಿಯನ್ನೇ ನೋಡಿ. 2018ರಲ್ಲಿ ಅದನ್ನು ದಾವಣಗೆರೆ ಜಿಲ್ಲೆಯಿಂದ ತೆಗೆದು ಬಳ್ಳಾರಿಗೆ ಸೇರಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ನಡುರಾತ್ರಿ ಎದೆನೋವು ಬಂದರೆ ಅಲ್ಲಿನವರು ಗಾಡಿ ತಿರುಗಿಸುವುದು ಈಗಲೂ ದಾವಣಗೆರೆ ಕಡೆಗೇ.

ಹತ್ತು ವರ್ಷಕ್ಕೂ ಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ದುಡಿದೆ. ಎರಡನೇ ಮಗು ಹುಟ್ಟಿದ ಮೇಲೆ ಒಂದು ವರ್ಷ ಬಿಡುವು ತಗೊಂಡರಾಯಿತು ಅಂದುಕೊಂಡು ಬಿಟ್ಟಿದ್ದು. ಆ ವರ್ಷ ಮುಗಿಯುವ ಮೊದಲೇ ಅತ್ತೆಗೆ ಲಕ್ವ ಹೊಡೆಯಿತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳುವಾಗ ಬಲಗಡೆ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ನಿದ್ದೆಯಲ್ಲಿ ಯಾವಾಗ ಶುರುವಾಯಿತು ಅಂತ ಯಾರು ಹೇಳುತ್ತಾರೆ? ಆಮೇಲಿನ ವರ್ಷಗಳು ಹಾಗೇ ಹೋದವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಏರ್ ಬೆಡ್ ಸರಿಯಾಗಿ ಉಬ್ಬಿದೆಯಾ ಅಂತ ಒತ್ತಿ ನೋಡುವುದು, ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದು. ರಾಗಿ ಗಂಜಿಯನ್ನು ಜರಡಿಯಲ್ಲಿ ಸೋಸಿದರೆ ಸಾಲದು, ತೆಳು ಪಂಚೆ ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಸಣ್ಣ ಗಸಿಯೇ ನಳಿಕೆ ಕಟ್ಟಿಸುತ್ತದೆ. ಬಿಡುವಾಗ ತಲೆದಿಂಬು ಎತ್ತರ ಇರಬೇಕು, ಬಿಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಿಸಬೇಕು, ಕೊನೆಗೆ ಬಿಸಿ ಆರಿಸಿದ ನೀರು ಹಾಕಿ ನಳಿಕೆ ತೊಳೆಯಬೇಕು. ಇದೆಲ್ಲ ನಾನು ಎಷ್ಟು ಸಲ ಬೇರೆ ಮನೆಯ ಸೊಸೆಯಂದಿರಿಗೆ ಡಿಸ್ಚಾರ್ಜ್ ಹೊತ್ತಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಕಳಿಸಿದ್ದೆನೋ!

ಆ ನಡುವೆಯೇ ಕೊರೊನಾ ಬಂದು ಹೋಯಿತು. ಈ ವಿಷಯ ಬರೆಯುವುದು ಕಷ್ಟ. 2021ರ ಎರಡನೇ ಅಲೆಯಲ್ಲಿ ಹಳೇ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದ್ದಳು. "ಬಾ ಅಂತ ಕರೀತಿಲ್ಲ ಕಣೇ, ಸುಮ್ನೆ ಮಾತಾಡ್ಬೇಕು ಅನ್ನಿಸ್ತು" ಅಂದಳು. ಮನೆಯಲ್ಲಿ ನಳಿಕೆ ಹಾಕಿಕೊಂಡ ಅತ್ತೆ, ಇಬ್ಬರು ಮಕ್ಕಳು. ಹೋಗುವ ಮಾತೇ ಇರಲಿಲ್ಲ. ಅದು ಸರಿಯಾದ ತೀರ್ಮಾನವೇ, ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ. ಆದರೆ ಈಗ ವಾರ್ಡಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಯಾರೋ ಒಬ್ಬರು "ಕೋವಿಡ್ ಟೈಮಲ್ಲಿ ಆ ಥರ್ಡ್ ಫ್ಲೋರಲ್ಲಿ..." ಅಂತ ಶುರು ಮಾಡುತ್ತಾರೆ, ಉಳಿದವರು ಅರ್ಧ ಮಾತಿಗೇ ತಲೆಯಾಡಿಸುತ್ತಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿಯರು. ಪಿ.ಪಿ.ಇ. ಕಿಟ್ಟಿನೊಳಗೆ ಬೆವರಿನಲ್ಲಿ ತೊಯ್ದು ಕೆಲಸ ಕಲಿತವರು. ಆಕ್ಸಿಜನ್ ಬಗ್ಗೆ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ನಾನು ಬಿಡುವ ಹೊತ್ತಿಗೆ ನಮ್ಮಲ್ಲಿ ಇದ್ದದ್ದು ಮೂಗಿನ ಪ್ರಾಂಗ್ಸ್ ಮತ್ತು ಮಾಸ್ಕ್. ಅವರು ಹೈ ಫ್ಲೋ ಮೆಷಿನ್ನನ್ನು ಮಿಕ್ಸಿ ಹಾಕಿದಷ್ಟು ಸಲೀಸಾಗಿ ಜೋಡಿಸುತ್ತಾರೆ. ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ತಾತನಿಗೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 88ರಿಂದ 92ರೊಳಗೆ ಇದ್ದರೆ ಸಾಕು, 99 ಮಾಡಲು ಹೋಗಿ ಆಕ್ಸಿಜನ್ ಜಾಸ್ತಿ ಬಿಟ್ಟರೆ ಇನ್ನೂ ಮಂಕಾಗುತ್ತಾರೆ ಅನ್ನುವುದನ್ನು ನನಗೆ ನೆನಪಿಸಿದ್ದು ಅಂಥವಳೇ ಒಬ್ಬಳು. ಆ ಎರಡು ವರ್ಷ ಅವರ ಜೊತೆ ನಾನಿರಲಿಲ್ಲ. ಯಾವ ತರಬೇತಿಯೂ ಅದನ್ನು ತುಂಬಿಕೊಡುವುದಿಲ್ಲ, ನಾನು ತುಂಬಿಕೊಳ್ಳಲು ಹೋಗುವುದೂ ಇಲ್ಲ. ಆ ಮಾತು ಬಂದಾಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಹಗಲು ಉದ್ದವಾಯಿತು. ಮಗಳ ಕಾಲೇಜು ಫೀಸು ಬೇರೆ. ನಮ್ಮನೆಯವರು "ಹೋಗ್ತೀಯಾದ್ರೆ ಹೋಗು, ನೈಟ್ ಡ್ಯೂಟಿ ಮಾತ್ರ ಬೇಡ" ಅಂದರು. ನೈಟ್ ಡ್ಯೂಟಿ ಇಲ್ಲದ ನರ್ಸ್ ಕೆಲಸ ಎಲ್ಲಿದೆ? ಅದನ್ನು ಅವರಿಗೆ ಅರ್ಥ ಮಾಡಿಸಲು ಹಿಡಿದಷ್ಟು ಹೊತ್ತು ಕೆಲಸ ಹುಡುಕಲೂ ಹಿಡಿಯಲಿಲ್ಲ.

ಒಂದು ಲೆಕ್ಕ ಹೇಳಲೇಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹರಿಹರದಿಂದ ದಾವಣಗೆರೆಗೆ ಹೋಗಿ ಬರುವ ಬಸ್ ಖರ್ಚು ನನ್ನ ಪಾಲಿಗೆ ಸೊನ್ನೆಯಾಯಿತು. ಹೊರಗಿನವರಿಗೆ ಇದು ಸಣ್ಣದು ಅನ್ನಿಸಬಹುದು. ಹೊಸಬರ ಸಂಬಳಕ್ಕೆ ಸೇರುವವಳಿಗೆ ತಿಂಗಳ ಬಸ್ ಚಾರ್ಜು ಉಳಿಯಿತು ಅಂದರೆ ಮನೆಯವರ ಎದುರು ಹಿಡಿಯಲು ಒಂದು ವಾದ ಸಿಕ್ಕಂತೆ. ಬೆಳಿಗ್ಗೆ ಏಳರ ಬಸ್ಸಿನಲ್ಲಿ ಅಮರಾವತಿ, ದೊಡ್ಡಬಾತಿ ದಾಟುವಷ್ಟರಲ್ಲಿ ಹೆಣ್ಣುಮಕ್ಕಳೇ ತುಂಬಿರುತ್ತಾರೆ: ಗಾರ್ಮೆಂಟ್ಸಿನವರು, ಅಂಗಡಿ ಕೆಲಸದವರು, ಕಾಲೇಜಿನವರು, ನಮ್ಮಂಥ ಆಸ್ಪತ್ರೆಯವರು. ಕಂಡಕ್ಟರ್ ಗೊಣಗುತ್ತಲೇ ಟಿಕೆಟ್ ಹರಿಯುತ್ತಾರೆ. ಗೊಣಗಲಿ.

ಸೇರುವ ಮುಂಚಿನ ಕಾಗದಪತ್ರದ ಕತೆ ಬೇಗ ಮುಗಿಸುತ್ತೇನೆ. ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅದಕ್ಕೆ ಆ 5 ವರ್ಷದಲ್ಲಿ 150 ಗಂಟೆ ಮುಂದುವರಿದ ಕಲಿಕೆ ತೋರಿಸಬೇಕು ಅನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ನಿಯಮ. ಉದ್ದೇಶ ಒಳ್ಳೆಯದೇ. ಆದರೆ ಈ ಗಂಟೆಗಳು ಹೆಚ್ಚಾಗಿ ಕೂಡುವುದು ಎ.ಸಿ. ಹಾಲಿನಲ್ಲಿ: ಬೆಳಿಗ್ಗೆ ದೀಪ ಬೆಳಗುವುದು, ಒಂದು ಗಂಟೆ ಭಾಷಣ, ಸ್ಲೈಡು, ಊಟ, ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೊ. ಹನ್ನೆರಡು ಬೆಡ್ ಒಬ್ಬಳೇ ನೋಡಿಕೊಳ್ಳಬಲ್ಲೆಯಾ ಅಂತ ಯಾವ ಹಾಲಿನಲ್ಲೂ ಯಾರೂ ನನ್ನನ್ನು ಕೇಳಲಿಲ್ಲ.

ಸಂದರ್ಶನದಲ್ಲಿ ಕೇಳಿದ್ದೂ ಅದನ್ನಲ್ಲ. ಒಂದು ಕಡೆ ಕೂದಲಿಗೆ ಜೆಲ್ ಹಚ್ಚಿಕೊಂಡ ಹುಡುಗನೊಬ್ಬ ನನ್ನ ಅರ್ಜಿ ತಿರುವಿ, "ಇಷ್ಟು ಗ್ಯಾಪ್ ಯಾಕೆ ಮೇಡಂ? ಆ ಟೈಮಲ್ಲಿ ಏನ್ ಮಾಡ್ತಿದ್ರಿ?" ಅಂದ. ನರ್ಸಿಂಗ್ ಮಾಡ್ತಿದ್ದೆ ಅನ್ನಬೇಕೆನ್ನಿಸಿತು. ಅನ್ನಲಿಲ್ಲ. ಹಳೆಯ ಅನುಭವ ಪತ್ರ ನಡೆಯುವುದಿಲ್ಲ, ಈಗಷ್ಟೇ ಓದಿ ಮುಗಿಸಿದವರಿಗೆ ಕೊಡುವ ಸಂಬಳವೇ ನಿಮಗೂ ಅಂತ ಅಲ್ಲಿ ಹೇಳಿದರು. ಬೇರೆ ಕಡೆ ಸೇರಿದೆ. ಸಂಬಳ ಅಲ್ಲೂ ಹೆಚ್ಚುಕಡಿಮೆ ಅದೇ. ಈ ಬಗ್ಗೆ ನನಗೆ ಅರ್ಧ ಸಿಟ್ಟಿದೆ, ಅರ್ಧ ಇಲ್ಲ. ಸಿರಿಂಜ್ ಪಂಪ್ ಮುಟ್ಟದೆ ಎಷ್ಟೋ ವರ್ಷ ಆಗಿದ್ದವಳಿಗೆ ಮೊದಲ ತಿಂಗಳು ಸೀನಿಯರ್ ಸಂಬಳ ಯಾಕೆ ಕೊಡಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಜವಾಬಿಲ್ಲ. ಆರು ತಿಂಗಳಾದ ಮೇಲೂ ಅದೇ ಸಂಬಳ ಯಾಕೆ ಅಂತ ನಾನು ಕೇಳಿದರೆ ಅವರ ಹತ್ತಿರವೂ ಇಲ್ಲ.

ಇನ್ನು ಏನೇನು ಬದಲಾಗಿತ್ತು ಅನ್ನುವುದು. ಮೊದಲ ದಿನ ಡ್ರೆಸ್ಸಿಂಗ್ ಮುಗಿಸಿ ಕಸ ಹಾಕಲು ಹೋದಾಗಲೇ ನಿಂತುಬಿಟ್ಟೆ. ನಾವು ಕಲಿತದ್ದು 1998ರ ನಿಯಮ, ಕಪ್ಪು ಚೀಲವೂ ಇದ್ದ ಕಾಲ. 2016ರಲ್ಲಿ ಹೊಸ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಬಂದು ಬಣ್ಣಗಳ ಹಂಚಿಕೆಯೇ ಬದಲಾಗಿದೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ. ಗ್ಲೌಸು, ಸಲೈನ್ ಸೆಟ್ಟು, ಕ್ಯಾಥೆಟರ್, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಬಿಳಿ ಡಬ್ಬಿಗೆ. ಗಾಜಿನ ಆಂಪ್ಯೂಲು, ವಯಲ್ಲು ನೀಲಿಗೆ. ಚೀಲದ ಮೇಲೆ ಬಾರ್‌ಕೋಡು ಬೇರೆ. ನನಗಿದನ್ನು ಹೇಳಿಕೊಟ್ಟದ್ದು ವಾರ್ಡಿನ ಆಯಾ. "ಅಕ್ಕಾರೆ, ಗ್ಲೌಸ್ ಹಳದಿಗೆ ಹಾಕಿದ್ರೆ ನನಗೆ ಬೈತಾರ್ರೀ, ನಿಮಗಲ್ಲ" ಅಂದಳು. ಅವಳಷ್ಟು ನೇರವಾಗಿ ಆ ವಾರ ಯಾರೂ ನನಗೆ ಏನೂ ಕಲಿಸಲಿಲ್ಲ.

ಹೃದಯ ನಿಂತವರಿಗೆ ಎದೆ ಒತ್ತುವ ತರಬೇತಿಗೂ ಹಾಕಿದರು. ನಾವು ಓದುವಾಗ ಎ, ಬಿ, ಸಿ: ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದು. 2010ರಲ್ಲೇ ಅದನ್ನು ತಿರುವಿ ಹಾಕಿದ್ದಾರೆ, ಎದೆ ಒತ್ತುವುದೇ ಮೊದಲು. ನಾನು ದುಡಿಯುತ್ತಿದ್ದ ಕಡೆ ಅದನ್ನು ಯಾರೂ ಮತ್ತೆ ಕಲಿಸಿರಲಿಲ್ಲ. ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳ, ಮೂವತ್ತು ಒತ್ತಿಗೆ ಎರಡು ಉಸಿರು, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ರಬ್ಬರ್ ಬೊಂಬೆಯ ಪಕ್ಕ ನೆಲದ ಮೇಲೆ ಮಂಡಿಯೂರಿ ಒತ್ತುವಾಗ ಎದೆಗೂಡಿನೊಳಗೆ ಟಕ್ ಅಂತ ಸದ್ದು ಬಂದರೆ ಆಳ ಸರಿಯಾಗಿದೆ ಅಂತ. ನನ್ನ ಎರಡು ನಿಮಿಷ ಮುಗಿಯುವಷ್ಟರಲ್ಲಿ ಬೊಂಬೆಯ ಎದೆಗಿಂತ ನನ್ನ ಮಂಡಿ ಜಾಸ್ತಿ ಟಕ್ ಅನ್ನುತ್ತಿತ್ತು.

ಇನ್ಸುಲಿನ್ ವಿಷಯದಲ್ಲಿ ಮಾತ್ರ ನಗುವ ಹಾಗಿಲ್ಲ. ನಮ್ಮ ದೇಶದಲ್ಲಿ ವಯಲ್ಲಿನಲ್ಲಿ ಬರುವ ಸಾಮಾನ್ಯ ಇನ್ಸುಲಿನ್ ಎಂ.ಎಲ್.ಗೆ 40 ಯೂನಿಟ್, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಪೆನ್ನಿನಲ್ಲಿ ಬರುವುದು 100 ಯೂನಿಟ್. ಆ ಗಾಢತೆಯ ಸಿರಿಂಜಿನ ಟೋಪಿ ಕಿತ್ತಳೆ. ಪೆನ್ನು ಕೆಟ್ಟಿದೆ ಅಂತ ಅದರ ಕಾರ್ಟ್ರಿಜ್‌ನಿಂದ ಯಾರಾದರೂ ಕೆಂಪು ಟೋಪಿಯ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ. ನಾನು ಬಿಡುವಾಗ ವಾರ್ಡಿನಲ್ಲಿ ಪೆನ್ನು ಅಪರೂಪ, ಈಗ ಮನೆಮನೆಯಿಂದ ರೋಗಿಗಳು ತಮ್ಮ ಪೆನ್ನು ತಮ್ಮ ಚೀಲದಲ್ಲೇ ತರುತ್ತಾರೆ. ಹಾಗಾಗಿ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಮೂರಕ್ಕೂ ಇಬ್ಬರು ನೋಡಿ ಇಬ್ಬರೂ ಸಹಿ ಹಾಕಬೇಕು. ಮೊದಮೊದಲು ಇದೆಲ್ಲ ಫೈಲು ದಪ್ಪ ಮಾಡುವ ಕೆಲಸ ಅನ್ನಿಸಿತ್ತು. ಬರೆಯುವುದು ಮೊದಲಿಗಿಂತ ಎರಡು ಪಟ್ಟು ಆಗಿದೆ ಅನ್ನುವುದು ನಿಜ, ಅದರಲ್ಲಿ ಅರ್ಧ ಯಾರೂ ಓದುವುದಿಲ್ಲ ಅನ್ನುವುದೂ ನಿಜ. ಆದರೆ ಈ ಎರಡನೇ ಸಹಿ ನನ್ನಂಥವಳಿಗೆ ದೊಡ್ಡ ಆಸರೆ. ಪಕ್ಕದವಳನ್ನು ಕರೆಯಲು ನಾಚಿಕೆಪಡಬೇಕಿಲ್ಲ, ನಿಯಮವೇ ಕರೆ ಅನ್ನುತ್ತದೆ.

ಈಗ ಮುಖ್ಯ ವಿಷಯ. ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮೊದಲ ಎರಡು ವಾರ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರೋಸ್ಟರಿನಲ್ಲಿ ನನ್ನ ಹೆಸರಿತ್ತು, ಶಿಫ್ಟಿಗೆ ಬೇಕಾದ ನರ್ಸ್‌ಗಳ ಸಂಖ್ಯೆಯಲ್ಲಿ ಇರಲಿಲ್ಲ. ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡಲು ಬಂದ ಪುಟ್ಟ ತಂಗಿಯನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ. ನನ್ನ ಪಾಲಿಗೆ ಬೆಡ್ ಇರಲಿಲ್ಲ. ಒಬ್ಬ ಸಿಸ್ಟರ್ ಜೊತೆ ಓಡಾಡುವುದು, ಅವಳು ಯಾರ ಹತ್ತಿರ ಮೊದಲು ಹೋಗುತ್ತಾಳೆ, ಯಾಕೆ ಹೋಗುತ್ತಾಳೆ ಅಂತ ನೋಡುವುದು. ಒಂದು ಫೈಲು ತಗೊಂಡು ಪೂರ್ತಿ ಓದಲು ಇಪ್ಪತ್ತು ನಿಮಿಷ ಸಿಗುತ್ತಿತ್ತು. ಕೆಲಸದಲ್ಲಿರುವ ನರ್ಸಿಗೆ ಇಪ್ಪತ್ತು ನಿಮಿಷ ಅಂದರೆ ಏನು ಅಂತ ಆಸ್ಪತ್ರೆಯವರಿಗೆ ಹೇಳಬೇಕಿಲ್ಲ. ಮೇಲಿನವರಿಗೆ ಗೊತ್ತಾದರೆ ಏನನ್ನುತ್ತಾರೋ ಅಂತ ಇನ್‌ಚಾರ್ಜ್ ಸಿಸ್ಟರಿಗೂ ಅಳುಕಿತ್ತು. "ನಿಮ್ಮನ್ನ ಮೊದಲ ದಿನಾನೇ ಹನ್ನೆರಡು ಬೆಡ್ಡಿಗೆ ಹಾಕಿದ್ರೆ ನೀವು ಒಂದು ತಿಂಗಳಿಗೆ ಬಿಟ್ಟು ಹೋಗ್ತೀರಿ. ಆಮೇಲೆ ನನಗೆ ಯಾರಿದಾರ್ರೀ?" ಅಂದರು. ಧರ್ಮದ ಮಾತಲ್ಲ, ಲೆಕ್ಕಾಚಾರದ ಮಾತು. ಅದಕ್ಕೇ ನನಗೆ ಅದು ಹಿಡಿಸಿತು.

ನನ್ನ ಬ್ಯಾಚ್‌ಮೇಟ್ ಒಬ್ಬಳು ಬ್ರಿಟನ್ನಿನಲ್ಲಿದ್ದಾಳೆ. ಅಲ್ಲಿ ನರ್ಸ್ ನೋಂದಣಿ ನವೀಕರಣ 3 ವರ್ಷಕ್ಕೊಮ್ಮೆ, ಆ 3 ವರ್ಷದಲ್ಲಿ ಕನಿಷ್ಠ 450 ಗಂಟೆ ಕೆಲಸ ಮಾಡಿರಬೇಕು. ಮಾಡಿಲ್ಲವೆಂದರೆ ಮರಳಿ ಬರುವವರಿಗೆಂದೇ ಇರುವ ಕೋರ್ಸು ಮುಗಿಸಬೇಕು, ಇಲ್ಲವೇ ಪರೀಕ್ಷೆ ಪಾಸಾಗಬೇಕು. ಅಂದರೆ ಜನ ಬಿಟ್ಟು ಹೋಗುತ್ತಾರೆ, ಮತ್ತೆ ಬರುತ್ತಾರೆ ಅನ್ನುವುದನ್ನು ಅಲ್ಲಿ ಮೊದಲೇ ಎಣಿಸಿ ದಾರಿ ಮಾಡಿದ್ದಾರೆ. ನಮ್ಮಲ್ಲಿ ಹೆಣ್ಣುಮಕ್ಕಳೇ ತುಂಬಿರುವ ಈ ಕೆಲಸದಲ್ಲಿ ಬಾಣಂತನಕ್ಕೆ, ಅತ್ತೆ ಮಾವನಿಗೆ, ಗಂಡನ ವರ್ಗಾವಣೆಗೆ ಅಂತ ಬಿಡದವರೇ ಕಡಿಮೆ; ಆದರೂ ಬಿಡುವುದು ಅಂದರೆ ಒಬ್ಬೊಬ್ಬರ ಸ್ವಂತ ವಿಷಯ, ಬರುವುದು ಅಂದರೆ ಅವರವರ ಧೈರ್ಯ. "ಭೇಷ್, ಈ ವಯಸ್ಸಲ್ಲಿ ಮತ್ತೆ ಬಂದ್ರಲ್ಲ, ನಿಮ್ ಧೈರ್ಯ ಮೆಚ್ಚಬೇಕು" ಅಂತ ನನಗೆ ಬಹಳ ಜನ ಹೇಳಿದರು. ಹೊಗಳಿಕೆಗೆ ಕಾಸು ಖರ್ಚಿಲ್ಲ. ಲೆಕ್ಕಕ್ಕಿಲ್ಲದ ಎರಡು ವಾರಕ್ಕೆ ಖರ್ಚಿದೆ. 1947ರ ಹಳೇ ನರ್ಸಿಂಗ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆಯೇ ಬಂದಿದೆ. ಅದರ ಕೆಳಗೆ ನಿಯಮ ಬರೆಯುವವರು ಇದಕ್ಕೊಂದು ಸಾಲು ಬರೆದರೆ ಸಾಕು.

ಎರಡು ವಾರದಲ್ಲಿ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ನೈಟ್ ಡ್ಯೂಟಿ ಈ ವಯಸ್ಸಿಗೆ ಬೇರೆಯೇ ಪ್ರಾಣಿ. ಮೊದಲಾದರೆ ಮೂರು ನೈಟ್ ಮುಗಿಸಿ, ಬೆಳಿಗ್ಗೆ ಗೆಳತಿಯರ ಜೊತೆ ಬೆಣ್ಣೆದೋಸೆ ತಿಂದು, ಮಧ್ಯಾಹ್ನ ಸಿನಿಮಾಕ್ಕೂ ಹೋಗಿಬಿಡುತ್ತಿದ್ದೆವು. ಈಗ ರಾತ್ರಿ ಮೂರು ಗಂಟೆಗೆ ಕಣ್ಣು ಮಂಜಾಗಿ ಥರ್ಮಾಮೀಟರಿನ ಅಂಕಿ ಓದಲು ಕನ್ನಡಕ ಹುಡುಕಬೇಕು. ಬೆಳಿಗ್ಗೆ ಬಸ್ಸಿನಲ್ಲಿ ನಿದ್ದೆ ಹತ್ತಿ ಹರಿಹರ ದಾಟಿ ತುಂಗಭದ್ರೆ ಸೇತುವೆ ಮೇಲೆ ಎಚ್ಚರವಾದದ್ದೂ ಉಂಟು. ಚಿಕ್ಕ ಹುಡುಗಿಯರು ಒಬ್ಬೊಬ್ಬರು ಅಕ್ಕ ಅನ್ನುತ್ತಾರೆ, ಒಬ್ಬಳು ಆಂಟಿ ಅಂದಳು. ಅವಳಿಗೆ ಸಂಜೆಯ ಮಂಡಕ್ಕಿ ಮಿರ್ಚಿಯಲ್ಲಿ ಪಾಲು ಕೊಡಲಿಲ್ಲ.

ಆ ಆಂಟಿ ಅಂದವಳ ವಿಷಯವೇ ಹೇಳುತ್ತೇನೆ. ಮಳೆಗಾಲ, ವಾರ್ಡಿನ ಅರ್ಧಕ್ಕರ್ಧ ಡೆಂಗಿ. ಹರಪನಹಳ್ಳಿ ಕಡೆಯ ಹತ್ತೊಂಬತ್ತರ ಹುಡುಗ, ಜ್ವರ ಬಂದು ಐದನೇ ದಿನ. ಅವತ್ತು ಬೆಳಿಗ್ಗೆ ಜ್ವರ ಬಿಟ್ಟಿತ್ತು. ತಾಯಿಗೂ ಸೋದರಮಾವನಿಗೂ ಖುಷಿ, ಚೀಲ ಕಟ್ಟಿಕೊಂಡು ನಿಂತಿದ್ದಾರೆ. "ಜ್ವರ ಬಿಟ್ಟೈತಿ, ಪ್ಲೇಟ್‌ಲೆಟ್ ಅರವತ್ತು ಸಾವಿರ ಐತಿ ಅಂತೀರಿ, ಪಪ್ಪಾಯಿ ಎಲಿ ರಸಾನೂ ಕುಡಿಸೀವಿ. ಇನ್ನ ಯಾಕ ಇಟ್ಕೊಂತೀರ್ರೀ? ಬಿಲ್ ಏರಸಾಕ?" ಅಂತ ಮಾವ ಜೋರು ಮಾಡುತ್ತಿದ್ದರು. ಹುಡುಗ ಸುಮ್ಮನೆ ಗೋಡೆ ಕಡೆ ತಿರುಗಿ ಮಲಗಿದ್ದ.

ಆಂಟಿ ಅಂದಿದ್ದವಳು ಬಂದು ಬಿ.ಪಿ. ನೋಡಿದಳು. ಮೆಷಿನ್ 98/82 ತೋರಿಸಿತು. ಮೇಲಿನದ್ದು ಅಷ್ಟೇನೂ ಕಡಿಮೆ ಅಲ್ಲ, ನಾನಾಗಿದ್ದರೆ ಆ ಗಡಿಬಿಡಿಯಲ್ಲಿ ಬರೆದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಅವಳು ಹೋಗಲಿಲ್ಲ. ಪಟ್ಟಿ ಬಿಚ್ಚಿ, ಕೈಯಿಂದ ಒತ್ತುವ ಬಿ.ಪಿ. ಉಪಕರಣ ತಂದು ಮತ್ತೆ ನೋಡಿದಳು. ಅದೇ ಬಂತು. "ಎರಡರ ನಡುವೆ ಹದಿನಾರೇ ಇದೆ ನೋಡ್ರಿ. ಇಪ್ಪತ್ತಕ್ಕೆ ಬಂದ್ರೆ ಡಾಕ್ಟರನ್ನ ಕರೀಬೇಕು" ಅಂತ ನನಗೆ ಮೆಲ್ಲಗೆ ಹೇಳಿ ಫೋನಿಗೆ ಓಡಿದಳು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿದಾಗ. ಮೂರರಿಂದ ಏಳನೇ ದಿನದ ನಡುವೆ, ಜ್ವರ ಬಿಟ್ಟ ಒಂದೆರಡು ದಿನ, ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ನಾಡಿ ಕ್ಷೀಣವಾಗುತ್ತದೆ. ಜನ ಎಲ್ಲ ಪ್ಲೇಟ್‌ಲೆಟ್ ಅಂಕಿಯನ್ನೇ ಜಪ ಮಾಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿಯದೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನೋಡಬೇಕಾದ್ದು ಬಿ.ಪಿ., ಮೂತ್ರ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ಹೇಳುವ ಹೆಮಟೋಕ್ರಿಟ್, ಕೈಕಾಲಿನ ಬಿಸಿ.

ಅವಳು ಫೋನಿನಲ್ಲಿದ್ದಾಗ ನಾನು ಮಾವನ ಜೊತೆ ವಾದಕ್ಕೆ ಇಳಿಯಲಿಲ್ಲ. ಹುಡುಗನ ತಾಯಿಯ ಪಕ್ಕ ಸ್ಟೂಲಿನ ಮೇಲೆ ಕೂತೆ. "ಯವ್ವಾ, ನಿಮ್ಮ ಅಂಗೈ ನೀವೇ ಮುಟ್ಟಿ ನೋಡ್ಕೊಳ್ರಿ. ಈಗ ಅವನ ಪಾದ ಮುಟ್ರಿ" ಅಂದೆ. ಮುಟ್ಟಿದರು. ಪಾದ ತಣ್ಣಗಿತ್ತು. ಇನ್ನೊಂದು ಪಾದವನ್ನೂ ಮುಟ್ಟಿ ನೋಡಿದರು. "ಜ್ವರ ಬಿಟ್ಟಿದ್ದಕ್ಕ ತಣ್ಣಗ ಆಗ್ಯಾವಲ್ಲೇನ್ರೀ?" "ಹಣೆ ತಣ್ಣಗಾದ್ರೆ ಜ್ವರ ಬಿಟ್ಟಿದ್ದು. ಪಾದ ಹಿಂಗೆ ಐಸ್ ಆಗಿದ್ರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ ಅಂತ. ಇವತ್ತು ನಾಳೆ ಎರಡು ದಿನ ದಾಟಲಿ, ನಾನೇ ಬಸ್ ಹತ್ತಿಸ್ತೀನಿ." ಆ ತಾಯಿ ತಮ್ಮನ ಕಡೆ ತಿರುಗಿ, "ಚೀಲ ಕೆಳಗ ಇಡೋ" ಅಂದರು. ಡಾಕ್ಟರ್ ಬಂದರು, ಸಲೈನ್ ಲೆಕ್ಕ ಹಾಕಿ ಬರೆದರು, ಗಂಟೆಗೊಮ್ಮೆ ಬಿ.ಪಿ. ನೋಡಿ ಅಂದರು. ಎರಡು ದಿನ ಕಳೆದು ಹುಡುಗ ಹಸಿವು ಅಂತ ಇಡ್ಲಿ ತರಿಸಿಕೊಂಡು ತಿಂದ.

ಅವತ್ತು ಆ ಅಂಕಿ ಹಿಡಿದದ್ದು ಅವಳು. ಅದರಲ್ಲಿ ನನ್ನ ಪಾಲಿಲ್ಲ. ಆದರೆ ಚೀಲ ಕೆಳಗಿಳಿದದ್ದು ಬಿ.ಪಿ. ಅಂಕಿ ಕೇಳಿ ಅಲ್ಲ ಅನ್ನುವುದೂ ಖರೆ. ಅತ್ತೆಯ ಪಕ್ಕ ಅಂಥದೇ ಸ್ಟೂಲಿನ ಮೇಲೆ ವರ್ಷಗಟ್ಟಲೆ ಕೂತಿದ್ದೆನಲ್ಲ, ಬಿಲ್ಲು ಏರಿದಂತೆ ಹೊಟ್ಟೆಯಲ್ಲಿ ಆಗುವ ಸಂಕಟ, ಸಿಸ್ಟರನ್ನು ಕೇಳಿದರೆ ಬೈಯುತ್ತಾರೇನೋ ಅಂತ ನುಂಗಿಕೊಳ್ಳುವ ಪ್ರಶ್ನೆ, ಎಲ್ಲ ನನಗೆ ಗೊತ್ತು. ಮೊದಲು ಅಟೆಂಡರ್‌ಗಳು ಅಂದರೆ ನನಗೆ ಕಿರಿಕಿರಿ. ಬೆಡ್ ಸುತ್ತ ಗುಂಪು, ಊಟದ ಕ್ಯಾರಿಯರು, ಮತ್ತೆ ಮತ್ತೆ ಅದೇ ಪ್ರಶ್ನೆ. ಈಗ ಅವರನ್ನೇ ಮೊದಲು ಮಾತಾಡಿಸುತ್ತೇನೆ, ರಾತ್ರಿ ಹೇಗಿದ್ದರು ಅಂತ. ಮಾನಿಟರ್ ಹೇಳದ್ದನ್ನು ಎಷ್ಟೋ ಸಲ ಅವರು ಹೇಳುತ್ತಾರೆ. ಇಷ್ಟು ಹೇಳಿ, ಮನೆಯಲ್ಲಿ ಒಬ್ಬರನ್ನು ನೋಡಿಕೊಂಡದ್ದೂ ವಾರ್ಡಿನಲ್ಲಿ ಹನ್ನೆರಡು ಜನರನ್ನು ನೋಡಿಕೊಂಡದ್ದೂ ಒಂದೇ ಅಂತ ನಾನು ವಾದಿಸುವವಳಲ್ಲ. ಅತ್ತೆಗೆ ನಾನು ಚೆನ್ನಾಗಿ ಮಾಡಿದೆ. ಅದರಿಂದ ನನಗೆ ವೆಂಟಿಲೇಟರ್ ಬರುವುದಿಲ್ಲ, ಐ.ಸಿ.ಯು.ಗೆ ಹಾಕುತ್ತೇವೆ ಅಂದರೆ ಇವತ್ತಿಗೂ ಒಲ್ಲೆ ಅನ್ನುತ್ತೇನೆ.

ಸರದಿ ತಲೆಯಲ್ಲಿ ತಾನಾಗೇ ನಿಲ್ಲುವುದು ಮತ್ತೆ ಶುರುವಾಗಿದೆ. ಯಾವತ್ತು ಅಂತ ಹೇಳಲಾರೆ. ಒಂದು ಬೆಳಿಗ್ಗೆ ಓವರ್ ಮುಗಿದಾಗ ಕಾಲು ತಾನಾಗಿ ಏಳನೇ ಬೆಡ್ ಕಡೆ ಹೊರಟಿತ್ತು, ಅಲ್ಲಿ ಯಾರೂ ಕೂಗಿರಲಿಲ್ಲ.

ಕಳೆದ ತಿಂಗಳು ಚಿತ್ರದುರ್ಗದ ಕಡೆಯವರೊಬ್ಬರು ನಮ್ಮ ವಾರ್ಡಿಗೆ ನರ್ಸ್ ಆಗಿ ಸೇರಿದ್ದಾರೆ. ಇಬ್ಬರು ಮಕ್ಕಳು, ಕೆಲಸ ಬಿಟ್ಟು ಆರೇಳು ವರ್ಷ. ಮೊದಲ ದಿನವೇ ಕೇಳಿದರು, "ಅಕ್ಕಾ, ಕೈ ನಡುಗುತ್ತಾ?" ಅವರನ್ನು ನಾಲ್ಕು ವಾರ ಲೆಕ್ಕದಿಂದ ಹೊರಗಿಡಿ ಅಂತ ನಾನು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿದೆ. ಇಬ್ಬರು ರಜೆಯಲ್ಲಿದ್ದಾರೆ, ಒಬ್ಬಳಿಗೆ ಮದುವೆ ನಿಶ್ಚಯವಾಗಿದೆ, ಎಲ್ಲಿಂದ ಕೊಡಲಿ ಅಂದರು. ಕೊನೆಗೆ ಎರಡು ವಾರಕ್ಕೆ ಒಪ್ಪಿದ್ದಾರೆ, ಮೂರನೇ ವಾರ ಹನ್ನೆರಡರ ಬದಲು ಆರೇ ಬೆಡ್ ಕೊಡುತ್ತೇನೆ ಅಂದಿದ್ದಾರೆ. ಉಳಿದ ಆರು ಆ ವಾರ ನನ್ನ ಪಾಲಿಗೆ ಬಂದಿವೆ.